ಹದಿನೇಳನೇ ವಾಲ್ವು

ಬಾರಮ್ಮ ಚೌಡೇಶ್ವರಿ, ಆರ್ಡರ್ ಕಾಪಿ ಬ್ಯಾಗಲ್ಲಿಡು.
ಅದು ಪುರಸಭೆಗೆ. ಬೀದಿಗೆ ಬೇಕಾದ್ದು ಈ ಕೀ.
ನಿನ್ನ ಎದೆಮಟ್ಟ ಅದೆ, ಮೂಲೆಗಳು ಸವೆದವೆ,
ಜಾರ್ತದೆ. ಬೈಬೇಡ. ಎರಡು ಸಲ ಅಲ್ಲಾಡಿಸಿ ಕೂರಿಸು.
ಹೊಸದಕ್ಕೆ ಅರ್ಜಿ ಕೊಟ್ಟು ಎಂಟು ವರ್ಷ,
ಅರ್ಜಿಗೆ ನಂಬರು ಬಂತು, ಕೀ ಬರಲಿಲ್ಲ.

ನಾಲ್ಕೂವರೆ ಈಗ. ಮಂಡಿ ಕಡೆ ಮಾವಿನ ಲಾರಿ ಹಾರನ್ನು.
ಈ ಒಂದು ತಿಂಗಳು ಇಡೀ ಶ್ರೀನಿವಾಸಪುರ
ಬಾದಾಮಿ ಹಣ್ಣಿನ ವಾಸನೆ ಹೊಡೀತದೆ,
ಚರಂಡಿ ಕೂಡ.

ಇದು ಒಂದನೇದು, ಟ್ಯಾಂಕಿನ ಬುಡದ್ದು.
ಸುತ್ತು ಎಣಿಸಬೇಡ, ಕಿವಿಗೊಡು:
ಮೊದಲು ಗಾಳಿ, ನೆಗಡಿಯಾದ ಎಮ್ಮೆ ಥರ.
ಆಮೇಲೆ ಸದ್ದು ದಪ್ಪಗಾಗ್ತದೆ.
ಹಾಂ. ಅಲ್ಲಿಗೆ ಬಿಡು.

ಗುಂಡಿಗೆ ಕೈ ಹಾಕೋ ಮುಂಚೆ ಕಬ್ಬಿಣದಿಂದ ತಟ್ಟು,
ಚೇಳಿಗೆ ನಾವು ಸರ್ಕಾರಿ ನೌಕರರು ಅಂತ ಗೊತ್ತಿರಲ್ಲ.
ನಿನ್ನ ಮುಂಚೆ ಬಂದ ಹುಡುಗ ಹನ್ನೆರಡೇ ದಿನ ಇದ್ದ.

ನಕ್ಷೆ ಕೇಳಿದೆಯಲ್ಲ, ಇಂಜಿನಿಯರ್ ಬೀರುವಲ್ಲಿ ಅದೆ.
ಅದರಲ್ಲಿ ಹದಿನಾರು ವಾಲ್ವು. ಮೂರರ ಮೇಲೆ ಡಾಂಬರು,
ಒಂದರ ಮೇಲೆ ಇಕ್ಬಾಲ್ ಸಾಬರ ಬೇಕರಿ.
ಒಲೆ ಪಕ್ಕದ ಹಲಗೆ ಎತ್ತಬೇಕು. ಎತ್ತಿದಾಗೆಲ್ಲ ಬನ್ನು ಕೊಡ್ತಾರೆ.
ತಗೋ. ಲಂಚ ಅಲ್ಲ, ಬನ್ನು.
ಕೌನ್ಸಿಲರ್ ಮನೆ ಮುಂದಿನದು ಒಂಬತ್ತು. ತುಂಬಾ ಬಿಗಿ.
ಬಿಗಿಯಾಗೇ ಇರಲಿ.

"ನೀಳ್ಳೊಚ್ಚಾಯಾ?" ಅಂತ ತೆಲುಗಲ್ಲಿ ಕೇಳ್ತಾರೆ,
ಇಲ್ಲ ಅಂದರೆ ಕನ್ನಡದಲ್ಲಿ ಬೈತಾರೆ.
ಫೋನ್ ನಂಬರು ಕೊಡಬೇಡ, ಕೊಡದಿದ್ದರೂ ಅವರಿಗೆ ಸಿಗ್ತದೆ.
ಮದುವೆ ಮನೆಯವರು ರಾತ್ರಿ ಹನ್ನೊಂದಕ್ಕೆ ಮಾಡ್ತಾರೆ,
ಸಾವಿನ ಮನೆಯವರು ಯಾವಾಗಂದರೆ ಆವಾಗ.
ಸಾವಿನ ಮನೆಗೆ ಬಿಡು.
ಮದುವೆಗೆ ಟ್ಯಾಂಕರ್ ಅದೆ.

ಸೈಕಲ್ ಇಲ್ಲೇ ನಿಲ್ಲಿಸು. ಇನ್ನು ನಡೆಯೋದು.
ಹೊಂಗೆ ಕೆಳಗೆ ಚಪ್ಪಡಿ ಕಾಣ್ತದಲ್ಲ, ಆ ಕಡೆ ಹಿಡಿ, ಎತ್ತು.
ಹದಿನೇಳು.
ಇದು ಯಾವ ನಕ್ಷೆಯಲ್ಲೂ ಇಲ್ಲ.

ಕುಂಟೆಯಾಚೆ ಬೀದಿ, ಮೂವತ್ತೆಂಟು ಮನೆ.
ಲೈನ್ ಎಳೆದಾಗ ಊರಿಗೆಲ್ಲ ಮೂರಿಂಚು ಪೈಪು,
ಇವರಿಗೆ ಮುಕ್ಕಾಲಿಂಚು. ಯಾಕೆ ಅಂತ ನಾನು ಹೇಳಬೇಕಾ,
ಆ ಬೀದಿಯಲ್ಲಿ ಯಾರಿದ್ದಾರೆ ಅಂತ ಕೇಳಿದರೆ ಸಾಕು.
ಊರು ಕುಡಿದು, ಮಿಂದು, ಅಂಗಳ ತೊಳೆದು ಮಿಕ್ಕಿದ್ದು ಅಲ್ಲಿಗೆ ಹೋಗ್ತಿತ್ತು,
ಅಂದರೆ, ಬರೀ ಸದ್ದು ಹೋಗ್ತಿತ್ತು.
ಇಪ್ಪತ್ತೆರಡು ವರ್ಷದ ಹಿಂದೆ, ಒಂದು ರಾತ್ರಿ,
ನಾನೂ ವೆಲ್ಡಿಂಗ್ ದೊರೆಸ್ವಾಮಿಯೂ ಸೇರಿ
ದೊಡ್ಡ ಲೈನಿಂದ ಇದನ್ನ ಕೂಡಿಸಿದ್ವಿ.
ದಿನಾ ನಲವತ್ತು ನಿಮಿಷ.
ಲಾಗ್ ಪುಸ್ತಕದಲ್ಲಿ ಅಷ್ಟನ್ನ
"ಸೋರಿಕೆ" ಅಂತ ಬರ್ಕೊಂಡು ಬಂದೆ.
ಆ ಸೋರಿಕೆ ಕುಡಿದು ಅಲ್ಲಿನ ಮಕ್ಕಳು ಮದುವೆಗೆ ಬಂದವೆ.

ಇದೊಂದು ಬರೀಬೇಡ ತಾಯಿ. ಪೆನ್ನು ಮುಚ್ಚು.

ಏನಂದೆ?
ಜೋರಾಗಿ ಹೇಳು, ನೀರಿನ ಸದ್ದು ಕೇಳಿ ಕೇಳಿ ನನ್ನ ಕಿವಿ ಹೋಗದೆ.

"ಸೋರಿಕೆ ಅಂತಿದ್ದರೆ
ಒಂದು ದಿನ ಯಾರಾದರೂ ರಿಪೇರಿ ಮಾಡ್ತಾರಲ್ವಾ ಸಾರ್."

...

ಇರು, ಒಂದು ಬೀಡಿ ಹಚ್ತೀನಿ.
ಗಾಳಿ. ಹತ್ತೋದಿಲ್ಲ ಇದು.
ಆ ಕಡೆ ಕೇಳಿಸ್ತಾ? ಬಿಂದಿಗೆ ಇಡ್ತಾ ಅವ್ರೆ ಸಾಲಾಗಿ.

ಈ ಮಾತು ನನಗೆ ಹೊಳೀಲೇ ಇಲ್ಲ.
ಸುಳ್ಳು. ಹೊಳೆದಿತ್ತು.
ಇಂಕ್ರಿಮೆಂಟು, ಮಗಳ ಬಿಎಡ್ಡು, ಹೆದರಿಕೆ,
ಮೇಲಾಗಿ, ನಾನು ಕೊಟ್ಟ ನೀರು ಅನ್ನೋ ಒಂದು ಕೊಬ್ಬು,
ಅದೂ ಇತ್ತು.

ನಂದಿನ್ನು ಹತ್ತೊಂಬತ್ತು ದಿನ ಸರ್ವೀಸು.
ಬರಿ.
ಪೆನ್ಸಿಲಲ್ಲಿ ಬರಿ.

ಬೇಡ, ಪೆನ್ನಲ್ಲೇ ಬರಿ:
ಹದಿನೇಳು, ಕುಂಟೆಯಾಚೆ, ನಲವತ್ತು ನಿಮಿಷ.
ಕೂಡಿಸಿದವನು ಗಂಗುಲಪ್ಪ ಅಂತ ಹಾಕು.
ದೊರೆಸ್ವಾಮಿ ಹೆಸರು ಬೇಡ, ಅವನಿಗೆ ಪೆನ್ಷನ್ ಇಲ್ಲ.

ಹಾಂ, ಕೀ ಇಳಿಸು ಈಗ.
ಜಾರ್ತದೆ. ಹೇಳಿದ್ದೆನಲ್ಲ,
ಅಲ್ಲಾಡಿಸು. ಇನ್ನೊಂದು ಸಲ.